ಡಾಕ್ಟ್ರನ್ನ ಕೇಳಿ: ಜಿನೀವಾದ ತೀರ್ಮಾನಕ್ಕೂ ನಮ್ಮ ತಾಲೂಕು ಆಸ್ಪತ್ರೆಗೂ ಏನು ಸಂಬಂಧ?

ಈ ಸಲದ ಪತ್ರಗಳಲ್ಲಿ ಬಿಪಿ, ಶುಗರ್, ಮಂಡಿನೋವು ಕಡಿಮೆ. ಆಸ್ಪತ್ರೆ ಬಗ್ಗೆ, ದುಡ್ಡಿನ ಬಗ್ಗೆ, ಸರ್ಕಾರದ ಬಗ್ಗೆ, ಜಿನೀವಾದಲ್ಲಿರುವ ವಿಶ್ವ ಆರೋಗ್ಯ ಸಂಸ್ಥೆ ಬಗ್ಗೆ ಕೇಳಿದವರೇ ಜಾಸ್ತಿ. ಘಟ್ಟದ ಮೇಲಿನವರೂ ಕೆಳಗಿನವರೂ ಕೇಳಿದ್ದೀರಿ. ಈ ಜಿಲ್ಲೆಯ ಸರ್ಕಾರಿ ಆಸ್ಪತ್ರೆಗಳಲ್ಲೇ ಕೆಲಸ ಮಾಡಿ ನಿವೃತ್ತನಾದವನು ನಾನು. ಹಾಗಾಗಿ ಈ ಪ್ರಶ್ನೆಗಳು ನನ್ನವೂ ಹೌದು. ಪುಟ ಪೂರ್ತಿ ಅವಕ್ಕೇ ಇರಲಿ.

ಪ್ರಶ್ನೆ: ಡಾಕ್ಟ್ರೇ, ನಮ್ಮ ಜಿಲ್ಲೆಗೆ ಸೂಪರ್ ಸ್ಪೆಷಾಲಿಟಿ ಆಸ್ಪತ್ರೆ ಬೇಕು ಅಂತ ಕೂಗಿ ಕೂಗಿ ಗಂಟಲು ಒಣಗಿತು. 2022ರ ಜುಲೈನಲ್ಲಿ ನಮ್ಮೂರಿಂದ ಹೊರಟ ಆಂಬುಲೆನ್ಸ್ ಶಿರೂರು ಟೋಲ್‌ಗೇಟಿಗೆ ಬಡಿದು ನಾಲ್ಕು ಜನ ಸತ್ತರು. ಬಡ ದೇಶಗಳಲ್ಲೆಲ್ಲ ಹೀಗೆಯೇನಾ, ಇಲ್ಲಾ ನಮ್ಮ ಹಣೆಬರಹವೇ ಹೀಗಾ?
(ಓದುಗರು, ಹೊನ್ನಾವರ)

ಉತ್ತರ: ನಿಮ್ಮ ಬೇಡಿಕೆ ನ್ಯಾಯವಾದದ್ದು. ಇದನ್ನ ಮೊದಲೇ ಹೇಳಿಬಿಡುತ್ತೇನೆ, ಮುಂದಿನದನ್ನು ಓದಿ ಇವರು ಆಸ್ಪತ್ರೆಯೇ ಬೇಡ ಅನ್ನುತ್ತಿದ್ದಾರೆ ಅಂತ ಯಾರೂ ತಿಳಿಯಬಾರದು. ಹೊನ್ನಾವರದಿಂದ ಮಣಿಪಾಲಕ್ಕೆ ನೂರು ಕಿಲೋಮೀಟರಿಗೂ ಜಾಸ್ತಿ. ಸಿರ್ಸಿಯಿಂದ ಹುಬ್ಬಳ್ಳಿಗೆ ಸುಮಾರು 100. ಮಳೆಗಾಲದಲ್ಲಿ ದೇವಿಮನೆ ಘಟ್ಟ, ಅರಬೈಲ್ ಘಟ್ಟ ಯಾವತ್ತು ಕೈಕೊಡುತ್ತವೋ ಗೊತ್ತಿಲ್ಲ. 2024ರ ಜುಲೈನಲ್ಲಿ ಅಂಕೋಲಾದ ಶಿರೂರಿನಲ್ಲಿ ಗುಡ್ಡ ಕುಸಿದಾಗ ಹೆದ್ದಾರಿಯೇ ಬಂದಾಯಿತು. (ಟೋಲ್‌ಗೇಟಿನ ಶಿರೂರು ಬೇರೆ, ಅದು ಉಡುಪಿ ಜಿಲ್ಲೆಯದು.) ಇಂಥ ಜಾಗದಲ್ಲಿ ತಲೆಗೆ ಪೆಟ್ಟು ಬಿದ್ದವರನ್ನ, ಎದೆನೋವು ಬಂದವರನ್ನ ನೋಡುವ ದೊಡ್ಡ ಆಸ್ಪತ್ರೆ ಇರಲೇಬೇಕು.

ಈಗ ಒಂದು ಮಾತು. ನಾಳೆ ಬೆಳಿಗ್ಗೆ ಕುಮಟಾದಲ್ಲಿ ಏಳು ಮಹಡಿಯ ಆಸ್ಪತ್ರೆ ಎದ್ದು ನಿಂತಿತು ಅಂತಲೇ ಇಟ್ಟುಕೊಳ್ಳಿ. ಅರಿವಳಿಕೆ ಡಾಕ್ಟರು ರಾತ್ರಿ ಎರಡು ಗಂಟೆಗೆ ಅಲ್ಲಿರುತ್ತಾರಾ? ರಕ್ತ ಎಲ್ಲಿಂದ ಬರುತ್ತದೆ? ಸಿದ್ದಾಪುರದ ಹಳ್ಳಿಯಿಂದ ಅಲ್ಲಿಗೆ ಬರುವವರೆಗೆ ರೋಗಿಯನ್ನ ಜೀವಂತ ಇಡುವವರು ಯಾರು?

ಒಂದು ಉದಾಹರಣೆ ಹೇಳುತ್ತೇನೆ. ಹೆರಿಗೆಯಾದ ಮೇಲೆ ಕೆಲವರಿಗೆ ರಕ್ತ ನಿಲ್ಲುವುದೇ ಇಲ್ಲ. ಎರಡು ಗಂಟೆಯೊಳಗೆ ಜೀವ ಹೋಗಬಹುದು. ಆಗ ಬೇಕಾದದ್ದು ಆಕ್ಸಿಟೋಸಿನ್ ಇಂಜೆಕ್ಷನ್, ಕೈಯಿಂದ ಗರ್ಭಕೋಶ ಒತ್ತಿ ಹಿಡಿಯುವುದು ಗೊತ್ತಿರುವ ಸಿಸ್ಟರ್, ಎರಡು ಬಾಟಲಿ ರಕ್ತ, ಬೇಕಾದರೆ ಆಪರೇಷನ್ ಮಾಡಬಲ್ಲ ಒಬ್ಬ ಹೆರಿಗೆ ಡಾಕ್ಟರು. ಘಟ್ಟ ಇಳಿಯುವ ಆಂಬುಲೆನ್ಸಿನಲ್ಲಿ ಒಂದು ಕೈಯಲ್ಲಿ ಸ್ಟ್ರೆಚರ್ ಕಂಬಿ ಹಿಡಿದು, ಇನ್ನೊಂದು ಕೈಯಲ್ಲಿ ಹೊಟ್ಟೆ ಒತ್ತಿಕೊಂಡು ತಿರುವು ತಿರುವಿಗೂ ಮೈ ವಾಲಿಸುತ್ತಾ ಬಂದ ಸಿಸ್ಟರುಗಳನ್ನ ನಾನು ನೋಡಿದ್ದೇನೆ. ಆ ತಾಯಂದಿರು ಉಳಿದದ್ದು ಅವರ ಕೈಯಿಂದ. ಇದು ಸೂಪರ್ ಸ್ಪೆಷಾಲಿಟಿ ಕೆಲಸವೇ ಅಲ್ಲ. ತಾಲೂಕು ಆಸ್ಪತ್ರೆಯಲ್ಲೇ ಆಗಬೇಕಾದ್ದು.

ಇನ್ನು ಹೊರದೇಶದ ಮಾತು. ಥೈಲ್ಯಾಂಡ್ ನೋಡಿ. ಅಲ್ಲೂ ಡಾಕ್ಟರುಗಳೆಲ್ಲ ಬ್ಯಾಂಕಾಕಿನಲ್ಲೇ ಉಳಿಯುತ್ತಿದ್ದರು. ಅವರೇನು ಮಾಡಿದರು ಅಂದರೆ, 1970ರ ದಶಕದಿಂದ ಹೊಸ ಡಾಕ್ಟರುಗಳಿಗೆ ಮೂರು ವರ್ಷ ಸರ್ಕಾರಿ ಸೇವೆ ಕಡ್ಡಾಯ ಮಾಡಿ ಹಳ್ಳಿ ಕಡೆ ಕಳಿಸಿದರು, ತಪ್ಪಿಸಿಕೊಂಡರೆ ದಂಡ, ಕಷ್ಟದ ಊರಿಗೆ ಹೋದರೆ ಜಾಸ್ತಿ ಭತ್ಯೆ. 1982ರಿಂದ 86ರವರೆಗೆ ದೊಡ್ಡ ಪಟ್ಟಣಗಳಲ್ಲಿ ಹೊಸ ಆಸ್ಪತ್ರೆ ಕಟ್ಟುವ ದುಡ್ಡನ್ನೇ ತಡೆಹಿಡಿದು ಅದನ್ನ ನಮ್ಮ ತಾಲೂಕಿನಂಥ ಊರುಗಳ ಆಸ್ಪತ್ರೆಗೆ ಹಾಕಿದರು. ಇದಕ್ಕೆ ಎಷ್ಟು ಧೈರ್ಯ ಬೇಕು ಯೋಚಿಸಿ. 2001ರಲ್ಲಿ '30 ಬಾತ್' ಯೋಜನೆ (ಬಾತ್ ಅಂದರೆ ಅಲ್ಲಿನ ದುಡ್ಡು) ತಂದು, ಬರೀ 30 ಬಾತ್ ಕೊಟ್ಟರೆ ಚಿಕಿತ್ಸೆ ಅಂದಾಗ, ಚಿಕಿತ್ಸೆ ಕೊಡುವ ಜಾಗಗಳು ಆಗಲೇ ತಯಾರಿದ್ದವು. ಜಗತ್ತಿನವರೆಲ್ಲ ಆ 30 ಬಾತ್ ಅನ್ನು ಹೊಗಳುತ್ತಾರೆ. ನನಗೆ ಅದರ ಹಿಂದಿನ ಇಪ್ಪತ್ತು ವರ್ಷದ ಕೆಲಸವೇ ದೊಡ್ಡದು ಅನಿಸುತ್ತದೆ.

ಹಾಗಾಗಿ ದೊಡ್ಡ ಆಸ್ಪತ್ರೆ ಕೇಳುವ ಮನವಿಯಲ್ಲೇ ಇನ್ನೊಂದಿಷ್ಟು ಸಾಲು ಸೇರಿಸಿ. ನಮ್ಮ ತಾಲೂಕು ಆಸ್ಪತ್ರೆಯಲ್ಲಿ ಹೆರಿಗೆ, ಮಕ್ಕಳ, ಅರಿವಳಿಕೆ ಡಾಕ್ಟರುಗಳ ಹುದ್ದೆ ಎಷ್ಟು ಖಾಲಿ? ರಕ್ತ ಶೇಖರಣಾ ಘಟಕ ರಾತ್ರಿ ತೆರೆದಿರುತ್ತದಾ? ಎದೆನೋವು ಬಂದವರಿಗೆ ಇಸಿಜಿ ತೆಗೆದು, ಅದನ್ನ ದೂರದ ಹೃದಯ ತಜ್ಞರಿಗೆ ಕಳಿಸಿ, ಹೆಪ್ಪುಗಟ್ಟಿದ ರಕ್ತ ಕರಗಿಸುವ ಟೆನೆಕ್ಟೆಪ್ಲೇಸ್ ಇಂಜೆಕ್ಷನ್ ಅಲ್ಲೇ ಪುಕ್ಕಟೆ ಕೊಡುವ ವ್ಯವಸ್ಥೆ ರಾಜ್ಯದಲ್ಲಿ ಇದೆ. ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ ಅಂತ ಹೆಸರು. ನಿಮ್ಮ ತಾಲೂಕಿನಲ್ಲಿ ಆ ಇಂಜೆಕ್ಷನ್ ಈಗ ಸ್ಟಾಕ್ ಇದೆಯಾ? ಇದನ್ನ ಇವತ್ತೇ ಹೋಗಿ ಕೇಳಬಹುದು. ದೊಡ್ಡ ಆಸ್ಪತ್ರೆಗೆ ಶಂಕುಸ್ಥಾಪನೆ ಆಗುವವರೆಗೆ ಕಾಯಬೇಕಿಲ್ಲ.

ಪ್ರಶ್ನೆ: ಕೋವಿಡ್‌ಗೆ ಒಂದು ವರ್ಷದೊಳಗೆ ಲಸಿಕೆ ಬಂತು. ನಮ್ಮ ಮಂಗನ ಕಾಯಿಲೆಗೆ ಇಷ್ಟು ವರ್ಷವಾದರೂ ಸರಿಯಾದ ಲಸಿಕೆ ಇಲ್ಲ. ಇದ್ದ ಒಂದನ್ನೂ ನಿಲ್ಲಿಸಿದರು. ನಮ್ಮ ಜೀವಕ್ಕೆ ಬೆಲೆ ಇಲ್ವಾ?
(ಅಡಿಕೆ ಬೆಳೆಗಾರರು, ಸಿದ್ದಾಪುರ ತಾಲೂಕು)

ಉತ್ತರ: ನಿಮ್ಮ ಸಿಟ್ಟು ಸರಿಯಾದದ್ದೇ. 2024ರಲ್ಲಿ ನಿಮ್ಮ ತಾಲೂಕಿನಲ್ಲೇ ಈ ಕಾಯಿಲೆಗೆ ಜನ ಸತ್ತರು. ಸೊಪ್ಪಿನ ಬೆಟ್ಟಕ್ಕೆ ಹೋಗದೆ ತೋಟ ನಡೆಯುವುದಿಲ್ಲ, ಹೋದರೆ ಈ ಕಾಯಿಲೆ ಹರಡುವ ಉಣುಗು ಕಚ್ಚುವ ಭಯ. ಇದು ಎಂಥಾ ಇಕ್ಕಟ್ಟು ಅಂತ ಬೆಂಗಳೂರಿನಲ್ಲಿ ಕೂತವರಿಗೇ ಸರಿಯಾಗಿ ಗೊತ್ತಾಗುವುದಿಲ್ಲ, ಇನ್ನು ಜಿನೀವಾದವರಿಗೆ ಹೇಗೆ ಗೊತ್ತಾಗಬೇಕು?

ನಿಮ್ಮ ಪಕ್ಕದ ಸೊರಬ ತಾಲೂಕಿನ ಕ್ಯಾಸನೂರು ಕಾಡಿನಲ್ಲಿ ಈ ವೈರಸ್ ಸಿಕ್ಕಿದ್ದು 1957ರಲ್ಲಿ. ಹಳೇ ಲಸಿಕೆ ಪೂರ್ತಿ ದಂಡ ಆಗಿರಲಿಲ್ಲ. 2005ರಿಂದ 2010ರ ಲೆಕ್ಕ ನೋಡಿದ ಅಧ್ಯಯನದ ಪ್ರಕಾರ ಎರಡು ಡೋಸ್ ತಗೊಂಡವರಿಗೆ ಶೇ. 62ರಷ್ಟು, ಬೂಸ್ಟರ್ ಕೂಡ ತಗೊಂಡವರಿಗೆ ಶೇ. 83ರಷ್ಟು ರಕ್ಷಣೆ ಸಿಕ್ಕಿತ್ತು. ಆದರೆ ಮೊದಲು ಎರಡು ಡೋಸ್, ಆಮೇಲೆ ವರ್ಷ ವರ್ಷ ಬೂಸ್ಟರ್. ಚುಚ್ಚಿದ ಜಾಗ ವಿಪರೀತ ನೋವು. ಎಷ್ಟು ಜನ ಪೂರ್ತಿ ತಗೊಳ್ಳುತ್ತಾರೆ ಹೇಳಿ? ಆಮೇಲೆ ಅದರ ಗುಣಮಟ್ಟದ ಬಗ್ಗೆಯೇ ಅನುಮಾನ ಬಂದು 2022ರ ಹೊತ್ತಿಗೆ ನಿಲ್ಲಿಸಿದರು. ಈಗ ಕೇಂದ್ರ ಸರ್ಕಾರದ ವೈದ್ಯಕೀಯ ಸಂಶೋಧನಾ ಮಂಡಳಿ ಐಸಿಎಂಆರ್ ಮತ್ತು ಹೈದರಾಬಾದಿನ ಇಂಡಿಯನ್ ಇಮ್ಯುನೊಲಾಜಿಕಲ್ಸ್ ಕಂಪನಿ ಸೇರಿ ಹೊಸ ಲಸಿಕೆ ಮಾಡುತ್ತಿವೆ.

ಕೋವಿಡ್ ಲಸಿಕೆ ಬೇಗ ಬಂದದ್ದಕ್ಕೆ ವಿಜ್ಞಾನ ಒಂದೇ ಕಾರಣ ಅಲ್ಲ. ಶ್ರೀಮಂತ ದೇಶದವರೇ ಸಾಯುತ್ತಿದ್ದರು. ಅಮೆರಿಕ ಒಂದೇ ಸಾವಿರ ಕೋಟಿ ಡಾಲರಿಗೂ ಜಾಸ್ತಿ ಸುರಿಯಿತು. ಮಂಗನ ಕಾಯಿಲೆ ಬರುವುದು ಪಶ್ಚಿಮ ಘಟ್ಟದ ಅಂಚಿನ ಹಳ್ಳಿಗಳಿಗೆ, ಅದೂ ಕಾಡಿಗೆ ಹೋಗುವ ಕೂಲಿಯವರಿಗೆ, ರೈತರಿಗೆ. ಇದರ ಲಸಿಕೆ ಮಾರಿ ಯಾವ ಕಂಪನಿಗೂ ಲಾಭ ಇಲ್ಲ. ವಿಶ್ವ ಆರೋಗ್ಯ ಸಂಸ್ಥೆ 'ನಿರ್ಲಕ್ಷ್ಯಕ್ಕೆ ಒಳಗಾದ ಕಾಯಿಲೆಗಳು' ಅಂತ ಒಂದು ಪಟ್ಟಿ ಇಟ್ಟಿದೆ. ಕುಷ್ಠ, ಆನೆಕಾಲು, ಡೆಂಗಿ ಎಲ್ಲ ಅದರಲ್ಲಿವೆ. 2017ರಲ್ಲಿ ಹಾವು ಕಡಿತವೂ ಸೇರಿತು. ನಮ್ಮ ಮಂಗನ ಕಾಯಿಲೆ ಆ ಪಟ್ಟಿಯಲ್ಲೂ ಇಲ್ಲ. ನಿರ್ಲಕ್ಷಿತರ ಸಾಲಿನಲ್ಲೂ ನಮಗೆ ಜಾಗ ಸಿಕ್ಕಿಲ್ಲ ಅಂದರೆ ನೋವಾಗುತ್ತದೆ.

ಆದರೆ ನಾವು ಬರೀ ಜಿನೀವಾದ ಕಡೆ ನೋಡುತ್ತಾ ಕೂರಬಾರದು. ಈ ಕಾಯಿಲೆ ಈಗ ವಯನಾಡು, ನೀಲಗಿರಿ, ಗೋವಾದ ಸತ್ತರಿ, ಮಹಾರಾಷ್ಟ್ರದ ಸಿಂಧುದುರ್ಗದವರೆಗೆ ಹೋಗಿದೆ. ಐದು ರಾಜ್ಯದ ಸಮಸ್ಯೆ ಇದು. ಐದೂ ರಾಜ್ಯ ಸೇರಿ, ಲಸಿಕೆ ಬಂದರೆ ಇಷ್ಟು ಡೋಸ್ ನಾವು ಖಂಡಿತ ಕೊಳ್ಳುತ್ತೇವೆ ಅಂತ ಮೊದಲೇ ಬರೆದುಕೊಟ್ಟರೆ ತಯಾರಿಸುವವರಿಗೂ ಧೈರ್ಯ ಬರುತ್ತದೆ. ಬಡ ದೇಶಗಳ ಮಕ್ಕಳ ನ್ಯುಮೋನಿಯಾ ಲಸಿಕೆಗೆ ಗ್ಯಾವಿ (ಬಡ ದೇಶಗಳಿಗೆ ಲಸಿಕೆ ಒದಗಿಸುವ ಅಂತರರಾಷ್ಟ್ರೀಯ ಸಂಸ್ಥೆ) ಇದೇ ದಾರಿ ಹಿಡಿದಿತ್ತು. ನಮ್ಮ ಶಾಸಕರು, ಸಂಸದರು ಇದನ್ನ ಯಾಕೆ ಕೇಳಬಾರದು?

ಅಲ್ಲಿಯವರೆಗೆ: ಡಿಸೆಂಬರಿನಿಂದ ಮೇವರೆಗೆ ಬೆಟ್ಟಕ್ಕೆ ಹೋಗುವಾಗ ಉಣುಗು ಕಚ್ಚದಂತೆ ಡೆಪಾ ತೈಲ ಹಚ್ಚಿ, ತುಂಬು ತೋಳು ಹಾಕಿ, ಬಂದ ಕೂಡಲೇ ಬಿಸಿನೀರಿನ ಸ್ನಾನ ಮಾಡಿ ಬಟ್ಟೆ ಬಿಸಿನೀರಿಗೆ ಹಾಕಿ. ಮಂಗ ಸತ್ತದ್ದು ಕಂಡರೆ ಮುಟ್ಟಬೇಡಿ, ಆಶಾಗೆ ಹೇಳಿ. ಜ್ವರ ಬಂದರೆ ಪ್ಯಾರಾಸಿಟಮಾಲ್ ಬಿಟ್ಟು ಆಸ್ಪಿರಿನ್, ಡೈಕ್ಲೋಫಿನಾಕ್ ಥರದ ನೋವಿನ ಮಾತ್ರೆ ನುಂಗಬೇಡಿ, ರಕ್ತಸ್ರಾವ ಜಾಸ್ತಿಯಾಗುತ್ತದೆ.

ಪ್ರಶ್ನೆ: ಸರ್, ನಾನು ಆಶಾ ಕಾರ್ಯಕರ್ತೆ. 2022ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ನಮಗೆಲ್ಲ ಪ್ರಶಸ್ತಿ ಕೊಟ್ಟಿತು ಅಂತ ಪೇಪರಲ್ಲಿ ಬಂತು. ಮನೆಯಲ್ಲಿ ಖುಷಿಪಟ್ಟರು. ಆದರೆ ಪ್ರೋತ್ಸಾಹಧನ ಮಾತ್ರ ತಿಂಗಳುಗಟ್ಟಲೆ ತಡ. ಬೇರೆ ದೇಶದಲ್ಲಿ ನಮ್ಮಂಥವರಿಗೆ ಸಂಬಳ ಇದೆಯಾ?
(ಅಂಕೋಲಾ ತಾಲೂಕು)

ಉತ್ತರ: ಇದೆ ತಂಗಿ. ನಮಗಿಂತ ಬಡ ದೇಶದಲ್ಲೂ ಇದೆ.

ಇಥಿಯೋಪಿಯಾ 2003ರಲ್ಲಿ ಹಳ್ಳಿ ಹೆಣ್ಣುಮಕ್ಕಳನ್ನೇ ಆರಿಸಿ, ಒಂದು ವರ್ಷ ತರಬೇತಿ ಕೊಟ್ಟು, ಸರ್ಕಾರಿ ನೌಕರರನ್ನಾಗಿ ಮಾಡಿಕೊಂಡಿತು. ಪಾಕಿಸ್ತಾನದಲ್ಲಿ 1994ರಿಂದ ಲೇಡಿ ಹೆಲ್ತ್ ವರ್ಕರ್ ಅಂತ ಇದ್ದಾರೆ. ಅವರು ಬೀದಿಗಿಳಿದು ಹೋರಾಡಿ, ಕೋರ್ಟಿಗೆ ಹೋಗಿ, 2012ರಲ್ಲಿ ಸುಪ್ರೀಂ ಕೋರ್ಟ್ ಆದೇಶದ ನಂತರ ಕಾಯಂ ಆದರು. ನೀವು 2005ರಿಂದ ಇನ್ನೂ 'ಸ್ವಯಂಸೇವಕಿ'ಯೇ.

ನಿಮಗೆ ಪ್ರಶಸ್ತಿ ಕೊಟ್ಟ ಅದೇ ಸಂಸ್ಥೆ 2018ರಲ್ಲೇ ಒಂದು ಮಾರ್ಗಸೂಚಿ ಹೊರಡಿಸಿದೆ. ಸಮುದಾಯ ಆರೋಗ್ಯ ಕಾರ್ಯಕರ್ತೆಯರಿಗೆ ಕೆಲಸಕ್ಕೆ ತಕ್ಕ ಸಂಬಳ ಕೊಡಿ, ಬರೀ ಕೆಲಸಕ್ಕಿಷ್ಟು ಅಂತ ಲೆಕ್ಕ ಹಾಕಿ ಕೊಡಬೇಡಿ ಅಂತ ಅದರಲ್ಲಿದೆ. ಈ ಕಾಗದವನ್ನ ನಿಮ್ಮ ಸಂಘದವರು ಮನವಿ ಜೊತೆ ಲಗತ್ತಿಸಬೇಕು. ಪ್ರಶಸ್ತಿ ಬಂದಾಗ ಹೆಮ್ಮೆಪಟ್ಟವರು ಆ ಕಾಗದವನ್ನೂ ಓದಬೇಕಲ್ವಾ? 2025ರ ಜನವರಿಯಲ್ಲಿ ನೀವೆಲ್ಲ ಬೆಂಗಳೂರಿನಲ್ಲಿ ಚಳಿಯಲ್ಲಿ ಕೂತಿದ್ದಕ್ಕೇ ತಿಂಗಳಿಗೆ 10,000ದ ಭರವಸೆ ಸಿಕ್ಕಿತು. ಸುಮ್ನೆ ಯಾರೂ ಕೊಡಲಿಲ್ಲ. ಗಂಗಾವಳಿ ನೆರೆಯಲ್ಲಿ ಮನೆ ಮನೆಗೆ ದೋಣಿಯಲ್ಲಿ ಹೋಗಿ ಬಸುರಿಯರನ್ನ ಕರೆತಂದವರು ನೀವು. ಕೇಳುವುದಕ್ಕೆ ಸಂಕೋಚ ಪಡಬೇಡಿ.

ಪ್ರಶ್ನೆ: ನಾನು ನರ್ಸಿಂಗ್ ಓದುತ್ತಿದ್ದೇನೆ. ಅಮೆರಿಕ ವಿಶ್ವ ಆರೋಗ್ಯ ಸಂಸ್ಥೆ ಬಿಟ್ಟಿತು, ಹೊರದೇಶಗಳಿಗೆ ನೆರವು ಕೊಡುವ ತನ್ನ ಸಂಸ್ಥೆ ಯುಎಸ್‌ಏಡ್ ಮುಚ್ಚಿತು ಅಂತ ಸುದ್ದಿ. ಇದರಿಂದ ನಮಗೇನು ತೊಂದರೆ? ಹೊರಗಿನ ದುಡ್ಡು ಇಲ್ಲದಿದ್ದರೆ ಒಳ್ಳೆಯದೇ ಅಂತ ಕೆಲವರು ಹೇಳುತ್ತಾರೆ.
(ಕುಮಟಾ)

ಉತ್ತರ: ಒಳ್ಳೆಯ ಪ್ರಶ್ನೆ ಮಗಾ. ಎರಡು ಮಾತು ಬೇರೆ ಬೇರೆ ಮಾಡಿ ನೋಡಬೇಕು.

ಭಾರತದ ಆರೋಗ್ಯ ಖರ್ಚಿನಲ್ಲಿ ವಿದೇಶಿ ನೆರವಿನ ಪಾಲು ತೀರಾ ಸಣ್ಣದು. ನಮ್ಮ ಪಿಎಚ್‌ಸಿ (ಪ್ರಾಥಮಿಕ ಆರೋಗ್ಯ ಕೇಂದ್ರ) ಬಾಗಿಲು ಅದರಿಂದ ಮುಚ್ಚುವುದಿಲ್ಲ. ಆದರೆ ಮೊಜಾಂಬಿಕ್, ಮಲಾವಿ, ಜಾಂಬಿಯಾ ಥರದ ದೇಶಗಳಲ್ಲಿ ಎಚ್‌ಐವಿ ಮಾತ್ರೆ, ಲ್ಯಾಬು, ಸಿಬ್ಬಂದಿ ಸಂಬಳ ಎಲ್ಲ ಬಹುಮಟ್ಟಿಗೆ ಅಮೆರಿಕದ ದುಡ್ಡಿನಲ್ಲೇ ನಡೆಯುತ್ತಿತ್ತು. 2003ರಲ್ಲಿ ಶುರುವಾದ ಅಮೆರಿಕದ ಎಚ್‌ಐವಿ ನೆರವಿನ ಪೆಪ್‌ಫಾರ್ ಯೋಜನೆ ಎರಡೂವರೆ ಕೋಟಿ ಜೀವ ಉಳಿಸಿತು ಅಂತ ಅಮೆರಿಕ ಸರ್ಕಾರವೇ ಹೇಳಿಕೊಂಡಿತ್ತು. 2025ರ ಜನವರಿಯಲ್ಲಿ ಒಂದೇ ಸಹಿಗೆ ನೆರವು ನಿಂತಿತು, ಜುಲೈ 1ಕ್ಕೆ ಯುಎಸ್‌ಏಡ್ ಬಾಗಿಲು ಹಾಕಿತು. ನಿತ್ಯ ಮಾತ್ರೆ ನುಂಗಿ ಬದುಕುವವರಿಗೆ ಇದು ಎಂಥ ಆಘಾತ! ಒಳ್ಳೆಯದಾಯಿತು ಅನ್ನುವವರು ಆ ಕ್ಲಿನಿಕ್ಕಿನ ಎದುರು ನಿಂತ ತಾಯಿಯನ್ನ ಒಮ್ಮೆ ನೆನೆಯಲಿ.

ಆ ಮಾತ್ರೆ ಅಷ್ಟು ಅಗ್ಗವಾಗಿದ್ದಕ್ಕೆ ನಮ್ಮ ದೇಶದ ಪಾಲೂ ಇದೆ. ಮೊದಲು ವರ್ಷಕ್ಕೆ ಹತ್ತು ಸಾವಿರ ಡಾಲರ್ ಮೇಲೆ ಇದ್ದ ಚಿಕಿತ್ಸೆಯನ್ನ 2001ರ ಫೆಬ್ರವರಿಯಲ್ಲಿ ನಮ್ಮ ಸಿಪ್ಲಾ ಔಷಧ ಕಂಪನಿ 350 ಡಾಲರಿಗೆ ಕೊಡುತ್ತೇನೆ ಅಂದಿತು. ಆಗಿನ ನಮ್ಮ ಪೇಟೆಂಟ್ ಕಾನೂನು ಅದಕ್ಕೆ ಅವಕಾಶ ಕೊಟ್ಟಿತ್ತು. ಜಾಗತಿಕ ಆರೋಗ್ಯ ನೀತಿ ಅಂದರೆ ಶ್ರೀಮಂತರ ದಾನ ಮಾತ್ರ ಅಂತ ತಿಳಿಯಬೇಡ, ಇಂಥ ಕೆಲಸವೂ ಅದೇ.

ಇನ್ನೊಂದು ಮಾತು, ದುಡ್ಡು ಬರುವ ರೀತಿಯದು. ವಿಶ್ವ ಆರೋಗ್ಯ ಸಂಸ್ಥೆಗೆ ಸದಸ್ಯ ದೇಶಗಳು ಕೊಡುವ ಕಡ್ಡಾಯ ಚಂದಾ ಇತ್ತೀಚಿನವರೆಗೂ ಅದರ ಬಜೆಟ್ಟಿನ ಐದನೇ ಒಂದು ಪಾಲಿಗಿಂತಲೂ ಕಡಿಮೆ ಇತ್ತು. ಉಳಿದದ್ದು ದಾನಿಗಳ ದುಡ್ಡು, ಬಹುಪಾಲು ಇಂಥ ಕೆಲಸಕ್ಕೇ ಅಂತ ಗುರುತು ಹಾಕಿ ಕೊಟ್ಟದ್ದು. ಪೋಲಿಯೋಗೆ ಅಂದರೆ ಪೋಲಿಯೋಗೇ. 1978ರಲ್ಲಿ ಆಗಿನ ಸೋವಿಯತ್ ಒಕ್ಕೂಟದ ಅಲ್ಮಾ-ಆಟಾದಲ್ಲಿ ದೇಶಗಳೆಲ್ಲ ಸೇರಿ 2000ನೇ ಇಸವಿಗೆ ಎಲ್ಲರಿಗೂ ಆರೋಗ್ಯ, ಅದಕ್ಕೆ ಪ್ರಾಥಮಿಕ ಆರೋಗ್ಯವೇ ಬುನಾದಿ ಅಂದರು. ಮರುವರ್ಷವೇ, ಅಷ್ಟೆಲ್ಲ ಆಗುವುದಿಲ್ಲ, ನಾಲ್ಕು ಕಾಯಿಲೆ ಆರಿಸಿಕೊಳ್ಳೋಣ ಎಂಬ ವಾದ ಶುರುವಾಯಿತು. ಆ ವಾದವೇ ಗೆದ್ದಿತು. ಅದರ ಫಲ ನಮ್ಮ ಪಿಎಚ್‌ಸಿಯಲ್ಲೇ ಕಾಣುತ್ತದೆ.

ನೀನು ಪಿಎಚ್‌ಸಿ ಪೋಸ್ಟಿಂಗಿಗೆ ಹೋದಾಗ ಲಸಿಕೆಯ ಐಎಲ್‌ಆರ್ ಫ್ರಿಡ್ಜ್ ಹತ್ತಿರ ಸ್ವಲ್ಪ ಹೊತ್ತು ನಿಲ್ಲು. 2ರಿಂದ 8 ಡಿಗ್ರಿ. ದಿನಕ್ಕೆರಡು ಸಲ ಚಾರ್ಟಿನಲ್ಲಿ ಬರೆಯುತ್ತಾರೆ. ಒಳಗೆ ಸೆನ್ಸರ್ ಇದೆ, ಶಾಖ ಜಾಸ್ತಿಯಾದರೆ ಸಿಬ್ಬಂದಿ ಮೊಬೈಲಿಗೆ ಮೆಸೇಜು ಬರುತ್ತದೆ. ಬಾಟಲಿ ಮೇಲಿನ ಪುಟ್ಟ ಚೌಕ ಸುತ್ತಲಿನ ವೃತ್ತದಷ್ಟೇ ಕಪ್ಪಾದರೆ ಆ ಲಸಿಕೆ ಹಾಕುವಂತಿಲ್ಲ. ಎಷ್ಟು ಅಚ್ಚುಕಟ್ಟು! ಅದೇ ಕೋಣೆಯಿಂದ ಹೊರಬಂದು ಔಷಧ ಕೊಡುವ ಕಿಟಕಿಗೆ ಹೋದರೆ ಬಿಪಿ ಮಾತ್ರೆ ಮುಗಿದು ಹದಿನೈದು ದಿನ ಆಗಿರಬಹುದು, ಯಾರ ಮೊಬೈಲಿಗೂ ಮೆಸೇಜು ಬಂದಿರುವುದಿಲ್ಲ. ಲಸಿಕೆ ಫ್ರಿಡ್ಜಿನಲ್ಲಿ ಬೇರೆ ಔಷಧ ಇಡಬಾರದು ಅಂತ ನಿಯಮ ಇತ್ತು. ಪದೇ ಪದೇ ಬಾಗಿಲು ತೆಗೆದರೆ ಲಸಿಕೆ ಕೆಡುತ್ತದೆ, ಅದು ಸರಿಯಾದ ಕಾರಣವೇ. ಆದರೆ ಹೆರಿಗೆ ರಕ್ತಸ್ರಾವಕ್ಕೆ ಬೇಕಾದ ಆಕ್ಸಿಟೋಸಿನ್‌ಗೂ ಅದೇ 2ರಿಂದ 8 ಡಿಗ್ರಿ ಬೇಕು. ಅದನ್ನೂ ಲಸಿಕೆ ಜೊತೆಗೇ ತಂಪಾಗಿ ಇಡಿ ಅಂತ ವಿಶ್ವ ಆರೋಗ್ಯ ಸಂಸ್ಥೆ, ಯುನಿಸೆಫ್ ಎಲ್ಲ ಸೇರಿ ಹೇಳಿದ್ದು 2019ರಲ್ಲಿ. ಮಗುವಿನ ಲಸಿಕೆಗೂ ತಾಯಿಯ ಇಂಜೆಕ್ಷನ್ನಿಗೂ ಒಂದೇ ಫ್ರಿಡ್ಜ್ ಅನ್ನುವುದಕ್ಕೆ ಅಷ್ಟು ವರ್ಷ ಬೇಕಾಯಿತು.

ಲಸಿಕೆಗೆ ದುಡ್ಡು ಬರಬಾರದಿತ್ತು ಅಂತ ನಾನು ಹೇಳುವುದಿಲ್ಲ. 2011ರ ಜನವರಿಯ ನಂತರ ನಮ್ಮಲ್ಲಿ ಕಾಡು ಪೋಲಿಯೋ ವೈರಸ್ಸಿನ ಒಂದು ಕೇಸೂ ಇಲ್ಲ, ಅದು ಸಣ್ಣ ಮಾತಲ್ಲ. ಆ ಅಚ್ಚುಕಟ್ಟು ಪಕ್ಕದ ಕಿಟಕಿಗೂ ಬರಲಿ ಅನ್ನುವುದು ನನ್ನ ಹಟ. ಬರುತ್ತದೆ ಅನ್ನುವುದಕ್ಕೆ ತಮಿಳುನಾಡು ಸಾಕ್ಷಿ. 1994ರಲ್ಲಿ ಔಷಧ ಖರೀದಿಗೇ ಒಂದು ನಿಗಮ ಮಾಡಿ, ಜಿಲ್ಲೆ ಜಿಲ್ಲೆಗೆ ಗೋದಾಮು ಕಟ್ಟಿ, ಸ್ಟಾಕ್ ಕಂಪ್ಯೂಟರಿನಲ್ಲಿ ನೋಡುವಂತೆ ಮಾಡಿದರು. ಯಾವ ದಾನಿಗೂ ಕಾಯಲಿಲ್ಲ.

ಪ್ರಶ್ನೆ: ಗೋವಾದ ಸರ್ಕಾರಿ ಮೆಡಿಕಲ್ ಕಾಲೇಜಿನಲ್ಲಿ 2018ರಿಂದ ನಮ್ಮಂಥ ಹೊರರಾಜ್ಯದವರಿಗೆ ಶುಲ್ಕ. ಐದು ಲಕ್ಷದ ಆಯುಷ್ಮಾನ್ ಕಾರ್ಡ್ ಇದ್ದರೂ ಕೈಯಿಂದ ಖರ್ಚಾಗುವುದು ತಪ್ಪುತ್ತಿಲ್ಲ. ಕಾರ್ಡ್ ಇದ್ದೂ ಏನು ಪ್ರಯೋಜನ?
(ಕಾರವಾರ)

ಉತ್ತರ: ಕಾರ್ಡ್ ಮುಖ್ಯವಾಗಿ ಅಡ್ಮಿಟ್ ಆದಾಗಿನ ಖರ್ಚಿಗೆ. ತಿಂಗಳು ತಿಂಗಳು ತಗೊಳ್ಳುವ ಶುಗರ್ ಮಾತ್ರೆ, ಹೊರರೋಗಿ ಚೀಟಿ, ಹೊರಗೆ ಮಾಡಿಸುವ ಸ್ಕ್ಯಾನು, ಜೊತೆಗೆ ಹೋದವರ ಊಟ ವಸತಿ ನಮ್ಮ ಕೈಯಿಂದಲೇ. ದೇಶದ ಒಟ್ಟು ಆರೋಗ್ಯ ಖರ್ಚಿನಲ್ಲಿ ಜನರು ಕೈಯಿಂದ ಹಾಕುವ ಪಾಲು 2021-22ರಲ್ಲಿ ಶೇ. 39.4. ಮೊದಲಿಗಿಂತ ಕಡಿಮೆಯಾಗಿದೆ, ಆದರೂ ಜಾಸ್ತಿಯೇ. ಅದೇ ವರ್ಷ ಸರ್ಕಾರಗಳೆಲ್ಲ ಸೇರಿ ಹಾಕಿದ್ದು ಜಿಡಿಪಿಯ ಶೇ. 1.84. 2025ರೊಳಗೆ ಶೇ. 2.5 ಮಾಡುತ್ತೇವೆ ಅಂತ 2017ರ ನೀತಿಯಲ್ಲಿ ಬರೆದಿದ್ದರು. ಆಫ್ರಿಕಾ ದೇಶಗಳೂ 2001ರಲ್ಲಿ ಅಬುಜಾದಲ್ಲಿ ಬಜೆಟ್ಟಿನ ಶೇ. 15 ಆರೋಗ್ಯಕ್ಕೆ ಅಂತ ಮಾತು ಕೊಟ್ಟವು, ಉಳಿಸಿಕೊಂಡವು ಕೆಲವೇ.

ಗೋವಾದವರ ಮೇಲೆ ನನಗೆ ಸಿಟ್ಟಿಲ್ಲ, ಅವರ ತೆರಿಗೆ ಅವರದು. ಕಾರವಾರದಲ್ಲಿ 2016ರಲ್ಲಿ ಶುರುವಾದ ನಮ್ಮದೇ ಮೆಡಿಕಲ್ ಕಾಲೇಜಿದೆ. ಅಲ್ಲಿ ತಜ್ಞರು ನಿಲ್ಲುವಂತೆ ಮಾಡುವುದು ನಮ್ಮ ರಾಜ್ಯದ ಕೆಲಸ. ತುರ್ತು ಅಲ್ಲದ ಚಿಕಿತ್ಸೆಯಾದರೆ ಮೊದಲು ಸರ್ಕಾರಿ ಆಸ್ಪತ್ರೆಯ ರೆಫರಲ್ ಚೀಟಿ ಮಾಡಿಸಿಕೊಳ್ಳಿ, ಅದಿಲ್ಲದೆ ಖಾಸಗಿಗೆ ಹೋದರೆ ಕಾರ್ಡ್ ನಡೆಯುವುದಿಲ್ಲ. ತುರ್ತಿಗೆ ರೆಫರಲ್ ಬೇಡ.

ಪ್ರಶ್ನೆ: ನಮ್ಮದು ಕಾಡಿನ ನಡುವಿನ ಹಳ್ಳಿ. ಇಷ್ಟು ದೊಡ್ಡ ವಿಷಯದಲ್ಲಿ ನಾವು ಊರಿನವರು ಏನು ಮಾಡಬಹುದು?
(ಜೋಯಿಡಾ ತಾಲೂಕು)

ಉತ್ತರ: ನಿಮ್ಮ ಊರಲ್ಲಿ ಗ್ರಾಮ ಆರೋಗ್ಯ, ನೈರ್ಮಲ್ಯ ಮತ್ತು ಪೌಷ್ಟಿಕತೆ ಸಮಿತಿ ಅಂತ ಒಂದು ಇರಲೇಬೇಕು. ಆಶಾ ಅದರಲ್ಲಿರುತ್ತಾರೆ. ವರ್ಷಕ್ಕೆ 10,000ದವರೆಗೆ ಊರಿನ ಅಗತ್ಯಕ್ಕೆ ಖರ್ಚು ಮಾಡುವ ದುಡ್ಡು ಅದಕ್ಕೆ ಅಂತಲೇ ಇದೆ. ಸಭೆ ಕೊನೆಗೆ ಯಾವಾಗ ಆಯಿತು, ದುಡ್ಡು ಎಲ್ಲಿ ಹೋಯಿತು ಅಂತ ಗ್ರಾಮಸಭೆಯಲ್ಲಿ ಕೇಳಿ. ಗುಡ್ಡಗಾಡು, ಆದಿವಾಸಿ ಪ್ರದೇಶದಲ್ಲಿ 20,000 ಜನಕ್ಕೆ ಒಂದು ಪಿಎಚ್‌ಸಿ, 3,000 ಜನಕ್ಕೆ ಒಂದು ಉಪಕೇಂದ್ರ ಅಂತ ಸರ್ಕಾರದ್ದೇ ಲೆಕ್ಕ ಇದೆ. ಆದರೆ ನಿಮ್ಮಂಥ ಕಡೆ 3,000 ಜನ ಅಂದರೆ ಎಷ್ಟೋ ಹಳ್ಳಿ, ಎಷ್ಟೋ ಕಿಲೋಮೀಟರ್ ಕಾಡು. ಹಾಗಾಗಿ ತಲೆ ಲೆಕ್ಕ ಬಿಟ್ಟು ನಡೆಯುವ ದೂರದ ಲೆಕ್ಕದಲ್ಲಿ ಉಪಕೇಂದ್ರ ಕೊಡಿ ಅಂತ ಬರೆದು ತಾಲೂಕು ಆರೋಗ್ಯಾಧಿಕಾರಿಗೆ ಕೊಡಿ, ಸ್ವೀಕೃತಿ ಸಹಿ ಹಾಕಿಸಿಕೊಳ್ಳಿ. ಪಿಎಚ್‌ಸಿಯಲ್ಲಿ ಹಾವಿನ ವಿಷದ ಔಷಧ ಎಷ್ಟು ಬಾಟಲಿ ಇದೆ ಅಂತ ಮಳೆಗಾಲ ಶುರುವಾಗುವ ಮೊದಲೇ ಕೇಳಿ ನೋಡಿ. ಹಾವು ಕಡಿತವನ್ನ 2024ರಿಂದ ನಮ್ಮ ರಾಜ್ಯದಲ್ಲಿ ಕಡ್ಡಾಯವಾಗಿ ವರದಿ ಮಾಡಬೇಕು. ನಿಮ್ಮೂರಲ್ಲಿ ಯಾರಿಗಾದರೂ ಕಚ್ಚಿದರೆ ನಾಟಿ ಔಷಧಕ್ಕೆ ಹೋಗದೆ ಆಸ್ಪತ್ರೆಗೆ ಕರೆದೊಯ್ಯಿರಿ, ಅದು ದಾಖಲೆಗೆ ಹೋಗುವಂತೆ ನೋಡಿಕೊಳ್ಳಿ. ದಾಖಲೆ ಇದ್ದರೆ ಮುಂದಿನ ವರ್ಷದ ಔಷಧ ಬೇಡಿಕೆಯಲ್ಲಿ ನಿಮ್ಮೂರೂ ಸೇರುತ್ತದೆ.